ಮಧ್ಯಯುಗದ ಇಂಗ್ಲಿಷ್ ಪ್ಯಾರಿಷ್ ಚರ್ಚುಗಳ ವಾಸ್ತುಶಿಲ್ಪ

ಒಬ್ಬ ಪಾದ್ರಿಯ ಧಾರ್ಮಿಕ ಹೊಣೆಗೆ ಸೇರಿದ ಊರು ಮತ್ತು ಅದರ ಸುತ್ತಲಿನ ಹೊಲಮನೆಗಳ ಎಲ್ಲೆಗೆ ಪ್ಯಾರಿಷ್ ಎಂದು ಹೆಸರು. ಆ ಎಲ್ಲೆಯೊಳಗಿನ ಜನ ಹುಟ್ಟಿದಾಗ ದೀಕ್ಷಾಸ್ನಾನ ಪಡೆದದ್ದು, ಭಾನುವಾರಗಳಲ್ಲಿ ಪೂಜೆಗೆ ನಿಂತದ್ದು, ಮದುವೆಯಾದದ್ದು, ಕೊನೆಗೆ ಮಣ್ಣು ಸೇರಿದ್ದು ಎಲ್ಲವೂ ಒಂದೇ ಚರ್ಚಿನ ಆವರಣದಲ್ಲಿ. ಇಂಗ್ಲೆಂಡಿನಲ್ಲಿ ಈ ವ್ಯವಸ್ಥೆ 10ರಿಂದ 12ನೇ ಶತಮಾನದ ನಡುವೆ ಬೇರೂರಿತು. 16ನೇ ಶತಮಾನದ ಧರ್ಮಸುಧಾರಣೆಯವರೆಗೆ ಕಟ್ಟುತ್ತ, ಒಡೆಯುತ್ತ, ಬೆಳೆಸುತ್ತ ಬಂದ ಇಂಥ ಸಾವಿರಾರು ಚರ್ಚುಗಳು ಇಂದಿಗೂ ಬಳಕೆಯಲ್ಲಿವೆ.

ಕೆಥೀಡ್ರಲ್‌ಗಳ ಇತಿಹಾಸವನ್ನು ಬಿಷಪ್ಪರ ಮತ್ತು ಮುಖ್ಯ ಶಿಲ್ಪಿಗಳ ಹೆಸರಿನಿಂದ ಬರೆಯಬಹುದು. ಹಳ್ಳಿಯ ಚರ್ಚಿಗೆ ಅಂಥ ಒಬ್ಬ ಕರ್ತೃ ಸಿಗುವುದಿಲ್ಲ. ಗೋಪುರದ ಬುಡ ಒಂದು ಶತಮಾನದ್ದಾದರೆ ಅದರ ತುದಿ ಇನ್ನೊಂದರದು. ಬಾಗಿಲ ಕಮಾನು ನಾರ್ಮನ್ನರ ಕಾಲದ್ದು, ಅದರ ಮುಂದಿನ ಮಂಟಪ ಮುನ್ನೂರು ವರ್ಷ ಈಚಿನದು. ಆದ್ದರಿಂದ ಈ ಕಟ್ಟಡಗಳನ್ನು ಅರ್ಥ ಮಾಡಿಕೊಳ್ಳಲು ಶೈಲಿಗಳ ಪಟ್ಟಿಯೊಂದೇ ಸಾಲದು. ಯಾವ ಭಾಗಕ್ಕೆ ಯಾರು ಹಣ ಕೊಟ್ಟರು, ಯಾಕೆ ಕೊಟ್ಟರು ಎಂದು ಕೇಳಿದಾಗಲೇ ಗೋಡೆಗಳು ಮಾತಾಡುತ್ತವೆ. ಈ ಲೇಖನ ಆ ದಾರಿಯಲ್ಲೇ ಸಾಗುತ್ತದೆ.

ಒಂದು ಕಟ್ಟಡ, ಇಬ್ಬರು ಹೊಣೆಗಾರರು

ಅತಿ ಸರಳವಾದ ಚರ್ಚಿನಲ್ಲಿ ಎರಡೇ ಕೋಣೆ. ಪಶ್ಚಿಮಕ್ಕೆ ಜನ ಸೇರುವ ದೊಡ್ಡ ಅಂಗಣ, ಅದು ನೇವ್. ಪೂರ್ವಕ್ಕೆ ಪೂಜಾಪೀಠವಿರುವ ಚಿಕ್ಕ ಕೋಣೆ, ಅದು ಚಾನ್ಸೆಲ್. ಅಲ್ಲಿ ಪಾದ್ರಿಗೂ ಅವನ ಸಹಾಯಕರಿಗೂ ಮಾತ್ರ ಪ್ರವೇಶ. ಎರಡರ ನಡುವೆ ಒಂದು ಕಮಾನು. ಪೂಜೆ ಮಾಡುವವನು ಪೂರ್ವಾಭಿಮುಖವಾಗಿ ನಿಲ್ಲಬೇಕೆಂಬ ನಿಯಮದಿಂದ ಚರ್ಚಿನ ಉದ್ದ ಸಾಮಾನ್ಯವಾಗಿ ಪೂರ್ವ ಪಶ್ಚಿಮವಾಗಿ ಚಾಚಿರುತ್ತದೆ.

ಈ ಎರಡು ಕೋಣೆಗಳ ನಡುವಿನ ಗೆರೆ ಹಣದ ಗೆರೆಯೂ ಆಗಿತ್ತು. 13ನೇ ಶತಮಾನದ ಹೊತ್ತಿಗೆ ನೆಲೆಯೂರಿದ ಪದ್ಧತಿಯ ಪ್ರಕಾರ, ಚಾನ್ಸೆಲ್ಲನ್ನು ಸುಸ್ಥಿತಿಯಲ್ಲಿಡುವುದು ರೆಕ್ಟರನ ಕೆಲಸ. ಊರಿನ ಬೆಳೆ, ಕುರಿಮರಿ, ಉಣ್ಣೆಗಳ ಹತ್ತನೇ ಒಂದು ಪಾಲು ದಶಾಂಶವಾಗಿ ಹೋಗುತ್ತಿದ್ದದ್ದು ಅವನಿಗೇ. ನೇವ್, ಗೋಪುರ, ಗಂಟೆ ಮತ್ತು ಸುತ್ತಲ ಪೌಳಿಯ ಹೊರೆ ಊರಿನವರದು. ಎಷ್ಟೋ ಊರುಗಳಲ್ಲಿ ರೆಕ್ಟರನ ಹಕ್ಕು ದೂರದ ಮಠವೊಂದರ ಕೈಯಲ್ಲಿತ್ತು. ದಶಾಂಶ ವಸೂಲು ಮಾಡಿಕೊಂಡ ಮಠ ಚಾನ್ಸೆಲ್ಲಿಗೆ ಆದಷ್ಟು ಕಡಿಮೆ ಖರ್ಚು ಮಾಡುತ್ತಿತ್ತು. ಎತ್ತರವಾದ, ಬೆಳಕು ತುಂಬಿದ ನೇವ್‌ನ ಪಕ್ಕದಲ್ಲಿ ಹಳೆಯ ಕುಳ್ಳ ಚಾನ್ಸೆಲ್ ಹಾಗೇ ಉಳಿದಿರುವುದನ್ನು ಕಂಡರೆ ಅಲ್ಲಿ ಈ ಕತೆ ನಡೆದಿರುವ ಸಾಧ್ಯತೆ ಹೆಚ್ಚು. ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಲಿಂಕನ್‌ಶೈರಿನ ಹೆಕಿಂಗ್ಟನ್. ಅಲ್ಲಿನ ರೆಕ್ಟರ್ ರಿಚರ್ಡ್ ಡಿ ಪೋಟ್ಸ್‌ಗ್ರೇವ್ ಅರಮನೆಯ ಪಾದ್ರಿಯೂ ಆಗಿದ್ದ. 14ನೇ ಶತಮಾನದ ಮೊದಲ ಭಾಗದಲ್ಲಿ ಅವನು ಕಟ್ಟಿಸಿದ ಚಾನ್ಸೆಲ್ ಇಡೀ ಇಂಗ್ಲೆಂಡಿನ ಹಳ್ಳಿ ಚರ್ಚುಗಳಲ್ಲೇ ಅತ್ಯಂತ ಸಿರಿವಂತ ಕೆತ್ತನೆಯುಳ್ಳವುಗಳಲ್ಲಿ ಒಂದು. ಅವನ ಸಮಾಧಿಯೂ ಅಲ್ಲಿಯೇ ಇದೆ.

ಈ ವಿಭಜನೆ ಬರಿಯ ಇತಿಹಾಸವಾಗಿ ಉಳಿದಿಲ್ಲ. ಹಳೆಯ ರೆಕ್ಟರನ ಜಮೀನು ಯಾರ ಕೈಗೆ ಬಂದಿದೆಯೋ ಅವರೇ ಚಾನ್ಸೆಲ್ ದುರಸ್ತಿ ಮಾಡಿಸಬೇಕೆಂಬ ಹೊಣೆ ಕಾನೂನಿನಲ್ಲಿ ಮುಂದುವರಿಯಿತು. ವಾರಿಕ್‌ಶೈರಿನ ಆಸ್ಟನ್ ಕ್ಯಾಂಟ್ಲೋ ಚರ್ಚಿನ ಪ್ರಕರಣದಲ್ಲಿ 2003ರಲ್ಲಿ ಇಂಗ್ಲೆಂಡಿನ ಅತ್ಯುನ್ನತ ನ್ಯಾಯಪೀಠ ಅಂಥ ಜಮೀನಿನ ಒಡೆಯರೇ ವೆಚ್ಚ ಭರಿಸಬೇಕೆಂದು ತೀರ್ಪಿತ್ತಿತು. ಮಧ್ಯಯುಗದ ಕಟ್ಟಡ ಪದ್ಧತಿಯೊಂದು 21ನೇ ಶತಮಾನದ ಒಂದು ಮನೆತನಕ್ಕೆ ಭಾರಿ ವೆಚ್ಚ ತಂದ ಈ ಪ್ರಕರಣಕ್ಕೆ ಸಾಟಿಯಾದದ್ದು ವಾಸ್ತುಶಿಲ್ಪದ ಚರಿತ್ರೆಯಲ್ಲಿ ವಿರಳ.

ಆಂಗ್ಲೊ-ಸ್ಯಾಕ್ಸನ್ ಕಾಲ

ಡರಂ ಪ್ರಾಂತದ ಎಸ್ಕಂ ಚರ್ಚು 7ನೇ ಶತಮಾನದ ಕೊನೆಯದು. ಎತ್ತರವಾದ, ಇಕ್ಕಟ್ಟಾದ ನೇವ್. ಸಣ್ಣ ಚೌಕ ಚಾನ್ಸೆಲ್. ಗೋಡೆಯಲ್ಲಿ ಕೈಯಗಲದ ಕೆಲವೇ ಕಿಟಕಿ. ಸಮೀಪದ ಬಿಂಚೆಸ್ಟರಿನಲ್ಲಿ ರೋಮನ್ನರು ಬಿಟ್ಟುಹೋದ ಕೋಟೆಯ ಕಲ್ಲುಗಳನ್ನೇ ತಂದು ಇದನ್ನು ಕಟ್ಟಿದ್ದಾರೆ. ಹೊರಗೋಡೆಯ ಒಂದು ಕಲ್ಲಿನ ಮೇಲೆ ರೋಮನ್ನರ ಆರನೇ ಸೇನಾದಳದ ಗುರುತು ಇದೆ, ತಲೆಕೆಳಗಾಗಿ. ಕಲ್ಲು ಇಟ್ಟವನಿಗೆ ಅದು ಅಕ್ಷರವಾಗಿ ಕಂಡಿರಲಿಕ್ಕಿಲ್ಲ. ಚೆನ್ನಾಗಿ ಚೌಕಗೊಳಿಸಿದ ಕಲ್ಲು ಅಷ್ಟೇ ಆಗಿದ್ದಿರಬೇಕು. ನಾರ್ಥಾಂಪ್ಟನ್‌ಶೈರಿನ ಬ್ರಿಕ್ಸ್‌ವರ್ತ್‌ನಲ್ಲಿ ರೋಮನ್ ಇಟ್ಟಿಗೆಗಳನ್ನು ಕಮಾನುಗಳಲ್ಲಿ ಮತ್ತೆ ಬಳಸಿದ್ದಾರೆ. ಅದು ಎಸ್ಕಂಗಿಂತ ಬಹಳ ದೊಡ್ಡದು, ಮಠದ ಚರ್ಚಾಗಿ ಹುಟ್ಟಿದ್ದು.

10ನೇ ಶತಮಾನದಿಂದ ಸ್ಥಳೀಯ ಜಮೀನ್ದಾರರು ತಮ್ಮ ಮನೆಯ ಪಕ್ಕದಲ್ಲೇ ಸ್ವಂತ ಚರ್ಚು ಕಟ್ಟಿಸತೊಡಗಿದರು. ಅದು ಭಕ್ತಿಯ ಕುರುಹೂ ಹೌದು, ಅಂತಸ್ತಿನ ಕುರುಹೂ ಹೌದು. ಅರ್ಲ್ಸ್ ಬಾರ್ಟನ್‌ನ ಗೋಪುರದ ಮೈತುಂಬ ಉಬ್ಬಿದ ಕಲ್ಲಿನ ಪಟ್ಟಿಗಳಿವೆ. ಮೂಲೆಗಳಲ್ಲಿ ಒಂದು ಕಲ್ಲು ಲಂಬವಾಗಿ, ಅದರ ಮೇಲಿನದು ಅಡ್ಡವಾಗಿ ಕೂತಿವೆ. ಮರಗೆಲಸದ ಚೌಕಟ್ಟನ್ನು ನೆನಪಿಸುವ ಈ ಜೋಡಣೆ ಸ್ಯಾಕ್ಸನ್ ಕೆಲಸದ ಗುರುತು. ಯಾರ್ಕ್‌ಶೈರಿನ ಕರ್ಕ್‌ಡೇಲ್ ಚರ್ಚಿನ ಸೂರ್ಯಗಡಿಯಾರದ ಮೇಲಿನ ಬರಹ, ಬಿದ್ದುಹೋಗಿದ್ದ ಚರ್ಚನ್ನು ಗಾಮಲನ ಮಗ ಓರ್ಮ್ ಎಂಬವನು ಕೊಂಡು ಹೊಸದಾಗಿ ಕಟ್ಟಿಸಿದನೆಂದು ದಾಖಲಿಸುತ್ತದೆ. ಚರ್ಚು ಕೊಳ್ಳಬಹುದಾದ ಆಸ್ತಿಯಾಗಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ. ಆ ಕಾಲದ ಬಹುಪಾಲು ಚರ್ಚುಗಳು ಮರದವು, ಅವೆಲ್ಲ ಅಳಿದವು. ಎಸೆಕ್ಸ್‌ನ ಗ್ರೀನ್‌ಸ್ಟೆಡ್‌ನಲ್ಲಿ ಮಾತ್ರ ಉದ್ದಕ್ಕೆ ಸೀಳಿದ ಓಕ್ ದಿಮ್ಮಿಗಳನ್ನು ಸಾಲಾಗಿ ನಿಲ್ಲಿಸಿದ ಗೋಡೆ ಉಳಿದಿದೆ. ಮರದ ಉಂಗುರಗಳ ಪರೀಕ್ಷೆ ಅದನ್ನು 11ನೇ ಶತಮಾನದ ಉತ್ತರಾರ್ಧಕ್ಕೆ ಸೇರಿಸಿದೆ.

ಸ್ಯಾಕ್ಸನ್ ಕಟ್ಟಡಗಳು ಹೀಗೊಂದು ವರ್ಗವಾಗಿ ಇವೆ ಎಂಬುದನ್ನು ಕಂಡುಕೊಂಡದ್ದೇ ತಡವಾಗಿ. ಥಾಮಸ್ ರಿಕ್‌ಮನ್ ಎಂಬ ವಾಸ್ತುಶಿಲ್ಪಿ 19ನೇ ಶತಮಾನದ ಆರಂಭದಲ್ಲಿ ಬಾರ್ಟನ್ ಅಪಾನ್ ಹಂಬರ್ ಊರಿನ ಗೋಪುರವನ್ನು ಪರೀಕ್ಷಿಸಿದ. ಅದರ ತುದಿಯ ಅಂತಸ್ತು ಆರಂಭಿಕ ನಾರ್ಮನ್ ಶೈಲಿಯದು. ಹಾಗಾದರೆ ಕೆಳಗಿನ ಅಂತಸ್ತುಗಳು ಅದಕ್ಕಿಂತ ಹಿಂದಿನವಾಗಿರಲೇಬೇಕು ಎಂದು ಅವನು ತರ್ಕಿಸಿದ. ಮೇಲಿನದು ಹೊಸದು, ಕೆಳಗಿನದು ಹಳೆಯದು ಎಂಬ ಇಷ್ಟು ಸರಳ ತರ್ಕ ಒಂದು ಇಡೀ ಯುಗದ ವಾಸ್ತುಶಿಲ್ಪವನ್ನು ಬೆಳಕಿಗೆ ತಂದಿತು. ಇಂದಿಗೂ ಬಳಕೆಯಲ್ಲಿರುವ ಅರ್ಲಿ ಇಂಗ್ಲಿಷ್, ಡೆಕೊರೇಟೆಡ್, ಪರ್ಪೆಂಡಿಕ್ಯುಲರ್ ಎಂಬ ಶೈಲಿಯ ಹೆಸರುಗಳನ್ನು 1817ರ ತನ್ನ ಪುಸ್ತಕದಲ್ಲಿ ಕೊಟ್ಟವನೂ ಅವನೇ.

ನಾರ್ಮನ್ನರು: ಕಲ್ಲಿನ ಅಲೆ

1066ರ ನಾರ್ಮನ್ ಗೆಲುವಿನ ನಂತರದ ನೂರು ವರ್ಷಗಳಲ್ಲಿ ಇಂಗ್ಲೆಂಡಿನ ಹಳ್ಳಿಗಳು ಕಲ್ಲಿನ ಚರ್ಚುಗಳಿಂದ ತುಂಬಿದವು. ದಪ್ಪ ಗೋಡೆ, ಅರ್ಧವೃತ್ತದ ಕಮಾನು, ಗುಂಡು ಕಂಬ ಇವುಗಳ ಲಕ್ಷಣ. ಗೋಡೆಯ ದಪ್ಪ ನೋಡಿ ಅದು ಇಡಿಗಲ್ಲಿನದೆಂದು ತಿಳಿಯಬಾರದು. ಎರಡು ಬದಿಗೆ ಕೆತ್ತಿದ ಕಲ್ಲಿನ ಹೊದಿಕೆ, ನಡುವೆ ಸುಣ್ಣದ ಗಾರೆಯಲ್ಲಿ ಸುರಿದ ಒರಟು ಕಲ್ಲುಚೂರು. ಶ್ರೀಮಂತಿಕೆಯನ್ನೆಲ್ಲ ಬಾಗಿಲಿಗೂ ಚಾನ್ಸೆಲ್ ಕಮಾನಿಗೂ ಮೀಸಲಿಟ್ಟರು. ಕಮಾನಿನ ಸುತ್ತ ಮಿಂಚಿನ ಗೆರೆಯಂತೆ ಓಡುವ ಓರೆ ಕೆತ್ತನೆ, ಕೊಕ್ಕು ಚಾಚಿದ ಪ್ರಾಣಿಮುಖಗಳ ಸಾಲು. ಆಕ್ಸ್‌ಫರ್ಡಿನ ಸೆರಗಿನ ಇಫ್ಲಿ ಚರ್ಚಿನ ಪಶ್ಚಿಮ ಬಾಗಿಲಲ್ಲಿ ಇವೆಲ್ಲವೂ ಒಟ್ಟಿಗೇ ಸಿಗುತ್ತವೆ.

ಆದರೆ ಒಂದೇ ಒಂದು ನಾರ್ಮನ್ ಚರ್ಚನ್ನು ನೋಡಲು ಅವಕಾಶವಿದ್ದರೆ ಹೆರೆಫರ್ಡ್‌ಶೈರಿನ ಕಿಲ್ಪೆಕ್ಕಿಗೆ ಹೋಗಬೇಕು. 1140ರ ಸುಮಾರಿಗೆ ಕಟ್ಟಿದ ಇದು ಚಿಕ್ಕ ಕಟ್ಟಡ. ನೇವ್, ಚಾನ್ಸೆಲ್, ಪೂರ್ವತುದಿಯಲ್ಲಿ ಅರ್ಧವೃತ್ತದ ಕೋಣೆ ಒಂದರ ಹಿಂದೊಂದು ಕಿರಿದಾಗುತ್ತ ಸಾಗುತ್ತವೆ. ದಕ್ಷಿಣ ಬಾಗಿಲಿನ ಕಂಬಗಳ ಮೇಲೆ ತಮ್ಮ ಬಾಲವನ್ನು ತಾವೇ ನುಂಗುವ ಹಾವುಗಳು, ಬಳ್ಳಿಗಳ ನಡುವೆ ಸಿಲುಕಿದ ತೆಳುಮೈಯ ಯೋಧರು. ಸೂರಿನ ಕೆಳಗೆ ಎಂಬತ್ತಕ್ಕೂ ಹೆಚ್ಚು ಚಾಚುಗಲ್ಲುಗಳು, ಒಂದೊಂದರಲ್ಲೂ ಒಂದೊಂದು ರೂಪ: ನಾಯಿಯೂ ಮೊಲವೂ ಜೊತೆಗೂಡಿ ಕೂತಿವೆ, ಕುರಿಯ ತಲೆಯಿದೆ, ತನ್ನ ಯೋನಿಯನ್ನು ಕೈಯಿಂದ ಅಗಲಿಸಿ ತೋರಿಸುವ ಹೆಣ್ಣಿನ ಮೂರ್ತಿಯೂ ಇದೆ. ಈ ಕೊನೆಯದು ಕಾಮದ ಬಗ್ಗೆ ಎಚ್ಚರಿಕೆಯೋ, ಕೆಟ್ಟ ದೃಷ್ಟಿಯಿಂದ ಕಾವಲೋ ಎಂಬ ವಾದ ಮುಗಿದಿಲ್ಲ. ಇಲ್ಲಿನ ಕೆತ್ತನೆಯಲ್ಲಿ ಸ್ಕ್ಯಾಂಡಿನೇವಿಯಾದ ಬಳುಕುಗೆರೆ, ಪಶ್ಚಿಮ ಫ್ರಾನ್ಸಿನ ಯಾತ್ರಾಸ್ಥಳಗಳ ಚರ್ಚುಗಳ ನೆನಪು, ಸ್ಥಳೀಯ ಮೃದು ಕೆಂಪು ಮರಳುಗಲ್ಲು ಬೆರೆತಿವೆ. ಇದೇ ಶಿಲ್ಪಿಗಳ ಗುಂಪು ಹತ್ತಿರದ ಈರ್ಡಿಸ್ಲಿ, ಕ್ಯಾಸಲ್ ಫ್ರೋಮ್ ಊರುಗಳಲ್ಲಿ ದೀಕ್ಷಾಸ್ನಾನದ ತೊಟ್ಟಿಗಳನ್ನು ಕಡೆದಿದೆ. ಹೆಸರು ಗೊತ್ತಿಲ್ಲದಿದ್ದರೂ ಅವರ ಕೈ ಗುರುತು ತಪ್ಪುವುದಿಲ್ಲ.

ನೆಲ ಕೊಟ್ಟ ಕಲ್ಲು

ಸಾಗಣೆಯ ಖರ್ಚು ಕಲ್ಲಿನ ಬೆಲೆಯನ್ನು ಮೀರುತ್ತಿದ್ದ ಕಾಲದಲ್ಲಿ ಚರ್ಚಿನ ರೂಪವನ್ನು ಊರಿನ ಕೆಳಗಿನ ಬಂಡೆ ತೀರ್ಮಾನಿಸುತ್ತಿತ್ತು. ಡಾರ್ಸೆಟ್‌ನಿಂದ ಲಿಂಕನ್‌ಶೈರಿನವರೆಗೆ ಓರೆಯಾಗಿ ಹಾಯುವ ಸುಣ್ಣಕಲ್ಲಿನ ಪಟ್ಟಿಯ ಮೇಲೆ ಅತ್ಯುತ್ತಮ ಕೆತ್ತನೆಯೂ ಮೊನಚು ಶಿಖರಗಳೂ ಇವೆ. ಬಾರ್ನಾಕ್ ಗಣಿಯ ಕಲ್ಲು ನದಿಗಳ ಮೇಲೆ ದೋಣಿಯಲ್ಲಿ ದೂರ ಹೋಯಿತು. ಕಾರ್ನ್‌ವಾಲಿನ ಗ್ರಾನೈಟು ಉಳಿಗೆ ಬಗ್ಗದ್ದರಿಂದ ಅಲ್ಲಿನ ಚರ್ಚುಗಳು ಮಟ್ಟಸ, ಸರಳ. ಚೆಷೈರಿನ ಮಾರ್ಟನ್‌ನಲ್ಲಿ ಗೋಡೆಯೇ ಮರದ ಚೌಕಟ್ಟು. ನಾರ್ಫಕ್ ಮತ್ತು ಸಫಕ್ ಪ್ರಾಂತಗಳಲ್ಲಿ ಕಟ್ಟುವ ಕಲ್ಲೇ ಇಲ್ಲ, ಹೊಲದಲ್ಲಿ ಸಿಗುವುದು ಚಕಮಕಿ ಕಲ್ಲಿನ ಗಟ್ಟಿಗಳು. ಅವುಗಳಿಂದ ಮೂಲೆ ಕಟ್ಟುವುದು ಕಷ್ಟ. ನಾರ್ಫಕ್ ಒಂದರಲ್ಲೇ ನೂರಕ್ಕೂ ಹೆಚ್ಚು ಗುಂಡು ಗೋಪುರಗಳಿರುವುದಕ್ಕೆ ಇದೇ ಕಾರಣವೆಂದು ಬಹುಕಾಲ ನಂಬಿದ್ದರು. ಉತ್ತರ ಸಮುದ್ರದಾಚೆಯ ಜರ್ಮನ್ ಕರಾವಳಿಯಲ್ಲೂ ಇಂಥ ಗೋಪುರಗಳಿರುವುದರಿಂದ ಅದು ಅಭಿರುಚಿಯ ಮಾತೂ ಹೌದೆಂದು ಈಗಿನ ವಿದ್ವಾಂಸರು ಹೇಳುತ್ತಾರೆ. ಮುಂದೆ 15ನೇ ಶತಮಾನದಲ್ಲಿ ಇದೇ ಬಡ ಕಲ್ಲನ್ನು ಸೀಳಿ, ಅದರ ಹೊಳೆಯುವ ಕಪ್ಪು ಮುಖವನ್ನು ಬಿಳಿ ಸುಣ್ಣಕಲ್ಲಿನ ಚೌಕಟ್ಟಿನಲ್ಲಿ ಕೂರಿಸಿ ಗೋಡೆಗಳ ಮೇಲೆ ಅಕ್ಷರ, ಕಿರೀಟ, ಚಿಹ್ನೆಗಳನ್ನು ಮೂಡಿಸಿದರು. ಕೊರತೆಯೇ ಒಂದು ಕಲೆಯಾಗಿ ಅರಳಿದ ಈ ಕೆಲಸ ಪೂರ್ವ ಇಂಗ್ಲೆಂಡಿನ ಹೆಮ್ಮೆ.

ಚರ್ಚು ಬೆಳೆದ ಬಗೆ

12 ಮತ್ತು 13ನೇ ಶತಮಾನಗಳಲ್ಲಿ ಜನಸಂಖ್ಯೆ ಏರಿತು, ನೇವ್ ಸಾಲದಾಯಿತು. ಆಗ ಪಕ್ಕಕ್ಕೆ ಅಂಕಣ ಸೇರಿಸುವುದು ರೂಢಿಯಾಯಿತು. ಈ ಕೆಲಸ ನಡೆದ ಕ್ರಮ ಗಮನಿಸತಕ್ಕದ್ದು. ಮೊದಲು ಹಳೆಯ ಗೋಡೆಯ ಆಚೆ ಹೊಸ ಹೊರಗೋಡೆ ಎಬ್ಬಿಸಿ ಅದಕ್ಕೆ ಚಾವಣಿ ಹಾಕುತ್ತಿದ್ದರು. ಅಷ್ಟರವರೆಗೆ ಒಳಗೆ ಪೂಜೆ ನಿಲ್ಲುತ್ತಿರಲಿಲ್ಲ. ಆಮೇಲೆ ಹಳೆಯ ಗೋಡೆಯಲ್ಲಿ ಒಂದೊಂದೇ ಕಿಂಡಿ ಕೊರೆದು ಕಂಬ ಕಟ್ಟಿ, ಕಂಬದಿಂದ ಕಂಬಕ್ಕೆ ಕಮಾನು ತಿರುಗಿಸಿ, ಕೊನೆಗೆ ಕಮಾನಿನ ಕೆಳಗಿನ ಗೋಡೆಯನ್ನು ಕೆಡವುತ್ತಿದ್ದರು. ಇದರ ಫಲವಾಗಿ ಎಷ್ಟೋ ಚರ್ಚುಗಳಲ್ಲಿ ಕಂಬಗಳಿಗಿಂತ ಅವುಗಳ ಮೇಲೆ ನಿಂತ ಗೋಡೆಯೇ ಹಳೆಯದು. ಕಮಾನಿನ ಮೇಲ್ಗಡೆ ಅರ್ಧ ಕತ್ತರಿಸಿಹೋದ ಮುಚ್ಚಿದ ಕಿಟಕಿಯೊಂದು ಕಂಡರೆ ಅದು ಮೊದಲಿನ ಹೊರಗೋಡೆಯ ಕಿಟಕಿ.

ಇದಕ್ಕೆ ವಿರುದ್ಧವಾದ ಚಲನೆಯನ್ನು ಯಾರ್ಕ್‌ಶೈರಿನ ವಾರಂ ಪರ್ಸಿ ತೋರಿಸುತ್ತದೆ. ಪಾಳುಬಿದ್ದ ಈ ಹಳ್ಳಿಯಲ್ಲಿ ಮಾರಿಸ್ ಬೆರೆಸ್‌ಫರ್ಡ್ ಮತ್ತು ಜಾನ್ ಹರ್ಸ್ಟ್ ನೇತೃತ್ವದಲ್ಲಿ 1950ರಿಂದ ನಾಲ್ಕು ದಶಕ ಉತ್ಖನನ ನಡೆಯಿತು. ಹಳ್ಳಿ ಬೆಳೆದಾಗ ಅಲ್ಲಿನ ಸೇಂಟ್ ಮಾರ್ಟಿನ್ ಚರ್ಚು ಪಕ್ಕದ ಅಂಕಣಗಳನ್ನು ಪಡೆಯಿತು. ಜನ ಕಡಿಮೆಯಾದಂತೆ ಅಂಕಣಗಳನ್ನು ಕಿತ್ತು ಕಮಾನುಗಳನ್ನು ಕಲ್ಲು ತುಂಬಿ ಮುಚ್ಚಿದರು. ಒಂದು ಊರಿನ ಏಳುಬೀಳನ್ನು ದಾಖಲೆಗಳಿಲ್ಲದೆ ಗೋಡೆಯೊಂದರಿಂದಲೇ ಓದಬಹುದೆಂದು ಈ ಉತ್ಖನನ ಖಚಿತಪಡಿಸಿತು.

1215ರ ನಾಲ್ಕನೇ ಲ್ಯಾಟರನ್ ಸಭೆ ಪೂಜೆಯ ರೊಟ್ಟಿ ದ್ರಾಕ್ಷಾರಸಗಳು ಕ್ರಿಸ್ತನ ದೇಹ ರಕ್ತಗಳಾಗಿ ಮಾರ್ಪಡುತ್ತವೆಂಬ ನಂಬಿಕೆಯನ್ನು ಸಿದ್ಧಾಂತವಾಗಿ ಸಾರಿತು. ಪೂಜಾಪೀಠದ ಸುತ್ತಲಿನ ಗೌರವ ಏರಿತು, ಚಾನ್ಸೆಲ್ ಉದ್ದವಾಯಿತು. ದಕ್ಷಿಣ ಗೋಡೆಯಲ್ಲಿ ಪಾತ್ರೆ ತೊಳೆದ ಪವಿತ್ರ ನೀರು ಭೂಮಿಗಿಳಿಯುವ ಗೂಡು, ಪಾದ್ರಿಗಳು ಕೂರುವ ಮೆಟ್ಟಿಲ ಆಕಾರದ ಮೂರು ಕಲ್ಲುಪೀಠ ಬಂದವು. ಉತ್ತರ ಗೋಡೆಯಲ್ಲಿ ಈಸ್ಟರ್ ಹಬ್ಬದ ಹೊತ್ತಿನಲ್ಲಿ ಕ್ರಿಸ್ತನ ಸಮಾಧಿಯನ್ನು ಅಭಿನಯಿಸುವ ಗೂಡು ಕಾಣಿಸಿಕೊಂಡಿತು. ಹೆಕಿಂಗ್ಟನ್‌ನಲ್ಲಿ ಆ ಗೂಡಿನ ಬುಡದಲ್ಲಿ ರೋಮನ್ ಕಾವಲುಗಾರರು ನಿದ್ದೆ ಹೋಗಿದ್ದಾರೆ.

ಕಿಟಕಿಯ ಕತೆ ಈ ಕಾಲದ ಶೈಲಿಯ ಕತೆ. ಅರ್ಲಿ ಇಂಗ್ಲಿಷ್ ಹಂತದಲ್ಲಿ ಅದು ಈಟಿಯ ಮೊನೆಯಂತೆ ಎತ್ತರವಾದ ಒಂಟಿ ಸೀಳು. ಹತ್ತಿರ ಹತ್ತಿರ ಮೂರು ಐದು ಸೀಳು ಇಟ್ಟಾಗ ಉಳಿದ ಗೋಡೆ ಬೇಡವೆನಿಸಿತು. ಫ್ರಾನ್ಸಿನಿಂದ ಬಂದು 1245ರಲ್ಲಿ ಆರಂಭವಾದ ವೆಸ್ಟ್‌ಮಿನ್‌ಸ್ಟರ್ ಆಬಿಯ ಕೆಲಸದ ಮೂಲಕ ಹರಡಿದ ತೆಳುಕಲ್ಲಿನ ಜಾಲಂಧ್ರ, ಒಂದೇ ಅಗಲ ಕಮಾನಿನೊಳಗೆ ಹಲವು ಅಂಕಣದ ಗಾಜನ್ನು ಹಿಡಿಯಿತು. 14ನೇ ಶತಮಾನದ ಡೆಕೊರೇಟೆಡ್ ಹಂತದಲ್ಲಿ ಆ ಗೆರೆಗಳು ಒಳಹೊರಗೆ ಬಳುಕಿ ಜ್ವಾಲೆಯ, ಎಲೆಯ ರೂಪ ತಾಳಿದವು. ಪೂರ್ವ ಯಾರ್ಕ್‌ಶೈರಿನ ಪ್ಯಾಟ್ರಿಂಗ್ಟನ್ ಈ ಹಂತದ ಕಿರೀಟ. ಹಳ್ಳಿ ಚರ್ಚಾದರೂ ಶಿಲುಬೆಯಾಕಾರದ ಪೂರ್ಣ ನಕ್ಷೆ, ನಡುಗೋಪುರದ ಮೇಲೆ ತೆಳ್ಳನೆಯ ಶಿಖರ. ನನ್ನ ಮಟ್ಟಿಗೆ ಅಳತೆಗಳ ಹದದಲ್ಲಿ ಇದನ್ನು ಮೀರಿಸುವ ಪ್ಯಾರಿಷ್ ಚರ್ಚು ಇಲ್ಲ.

1348-49ರಲ್ಲಿ ಬಂದ ಪ್ಲೇಗು ದೇಶದ ಮೂರನೇ ಒಂದರಿಂದ ಅರ್ಧದಷ್ಟು ಜನರನ್ನು ಬಲಿ ತೆಗೆದುಕೊಂಡಿತು. ಹರ್ಟ್‌ಫರ್ಡ್‌ಶೈರಿನ ಆಶ್‌ವೆಲ್ ಚರ್ಚಿನ ಗೋಪುರದ ಒಳಗೋಡೆಯ ಮೇಲೆ ಯಾರೋ ಮೊನಚು ಉಪಕರಣದಿಂದ ಲ್ಯಾಟಿನ್ನಿನಲ್ಲಿ ಗೀಚಿದ ಸಾಲುಗಳು ಆ ರೋಗದ ಕ್ರೌರ್ಯವನ್ನೂ ಮುಂದೆ 1360ರ ದಶಕದ ಆರಂಭದಲ್ಲಿ ಬೀಸಿದ ಬಿರುಗಾಳಿಯನ್ನೂ ನೆನೆಯುತ್ತವೆ.

ಉಣ್ಣೆಯ ಹಣ, ಊರಿನ ಹಣ

ಪ್ಲೇಗಿನ ನಂತರ ಕೂಲಿ ಏರಿತು, ಉಳುಮೆಯ ನೆಲ ಕುರಿಗಾವಲಾಯಿತು, ಉಣ್ಣೆ ಮತ್ತು ಬಟ್ಟೆಯ ವ್ಯಾಪಾರ ಹೊಸ ಶ್ರೀಮಂತರನ್ನು ಸೃಷ್ಟಿಸಿತು. 14ನೇ ಶತಮಾನದ ನಡುಗಾಲದಿಂದ 16ನೇ ಶತಮಾನದವರೆಗಿನ ಪರ್ಪೆಂಡಿಕ್ಯುಲರ್ ಶೈಲಿ ಈ ಹಣದ ಮೇಲೆ ನಿಂತಿದೆ. ಗ್ಲೌಸ್ಟರ್ ಮಠದಲ್ಲಿ 1330ರ ದಶಕದಲ್ಲೇ ಕಾಣಿಸಿಕೊಂಡ ಈ ಶೈಲಿಯಲ್ಲಿ ಕಿಟಕಿಯ ಕಲ್ಲುಗೆರೆಗಳು ಬಳುಕುವುದನ್ನು ಬಿಟ್ಟು ನೆಟ್ಟಗೆ ಮೇಲೇರುತ್ತವೆ. ಕಮಾನು ಚಪ್ಪಟೆಯಾಯಿತು, ಕಂಬ ತೆಳುವಾಯಿತು. ನೇವ್‌ನ ಗೋಡೆಯನ್ನು ಎತ್ತರಿಸಿ ಕಮಾನುಗಳ ಮೇಲೆ ಕಿಟಕಿಗಳ ಸಾಲೊಂದನ್ನು ಕೂರಿಸಿದರು. ಕಡಿದಾದ ಹಳೆಯ ಚಾವಣಿಯನ್ನು ಇಳಿಸಿ ಸೀಸದ ತಗಡಿನ ಮಟ್ಟಸ ಚಾವಣಿ ಹೊದಿಸಿದರು. ಹಳೆಯ ಚಾವಣಿ ತಾಗಿದ್ದ ಜಾಗದ ತ್ರಿಕೋನ ಗುರುತು ಗೋಪುರದ ಪೂರ್ವಮುಖದಲ್ಲಿ ಇಂದಿಗೂ ಎಷ್ಟೋ ಕಡೆ ಕಾಣುತ್ತದೆ.

ಸಫಕ್‌ನ ಲಾವೆನ್‌ಹ್ಯಾಂ ಚರ್ಚನ್ನು ಆಕ್ಸ್‌ಫರ್ಡಿನ ಅರ್ಲ್ ಜಾನ್ ಡಿ ವಿಯರ್ ಮತ್ತು ಬಟ್ಟೆ ವ್ಯಾಪಾರಿ ಸ್ಪ್ರಿಂಗ್ ಮನೆತನ ಕೂಡಿ ಕಟ್ಟಿಸಿದರು. 43 ಮೀಟರ್ ಎತ್ತರದ ಗೋಪುರದ ಮೈಮೇಲೆ ಅರ್ಲ್‌ನ ನಕ್ಷತ್ರವೂ ವ್ಯಾಪಾರಿಯ ಲಾಂಛನವೂ ಇವೆ. 1523ರಲ್ಲಿ ತೀರಿಕೊಂಡ ಥಾಮಸ್ ಸ್ಪ್ರಿಂಗ್ ಗೋಪುರ ಮುಗಿಸಲು 200 ಪೌಂಡ್ ಬರೆದಿಟ್ಟ. ಹತ್ತಿರದ ಲಾಂಗ್ ಮೆಲ್ಫರ್ಡ್‌ನಲ್ಲಿ ದಾನಿಗಳ ಹೆಸರು ಹೊರಗೋಡೆಯ ಉದ್ದಕ್ಕೂ ಚಕಮಕಿ ಕಲ್ಲಿನ ನಡುವೆ ಅಕ್ಷರಗಳಾಗಿ ಓಡುತ್ತದೆ, ಅವರ ಆತ್ಮಕ್ಕಾಗಿ ಪ್ರಾರ್ಥಿಸಿರೆಂದು ದಾರಿಹೋಕರನ್ನು ಬೇಡುತ್ತದೆ. ಇದನ್ನು ಬರಿಯ ಜಂಭವೆಂದು ತಳ್ಳಿಹಾಕುವುದು ಸಲ್ಲದು. ಸತ್ತ ಮೇಲೆ ಆತ್ಮ ಶುದ್ಧೀಕರಣದ ಬೆಂಕಿಯಲ್ಲಿ ಬೇಯಬೇಕು, ಬದುಕಿರುವವರ ಪ್ರಾರ್ಥನೆ ಆ ಅವಧಿಯನ್ನು ತಗ್ಗಿಸುತ್ತದೆ ಎಂದು ಅವರು ಮನಸಾರೆ ನಂಬಿದ್ದರು. ಹೆಸರು ಕೆತ್ತಿಸದಿದ್ದರೆ ಪ್ರಾರ್ಥಿಸುವವರು ಯಾರು? ಕಾಟ್ಸ್‌ವಲ್ಡ್ ಗುಡ್ಡಗಳ ನಾರ್ತ್‌ಲೀಚ್‌ನಲ್ಲಿ ಉಣ್ಣೆ ವ್ಯಾಪಾರಿಗಳ ಹಿತ್ತಾಳೆಯ ಸಮಾಧಿ ಫಲಕಗಳಿವೆ; ಅವರ ಪಾದಗಳ ಕೆಳಗೆ ಕುರಿ ಮತ್ತು ಉಣ್ಣೆಯ ಮೂಟೆ. 1458ರಲ್ಲಿ ತೀರಿಕೊಂಡ ಜಾನ್ ಫೋರ್ಟಿಯ ಹಣದಿಂದ ಅಲ್ಲಿನ ನೇವ್ ಎದ್ದಿತು. ಫೇರ್‌ಫರ್ಡ್‌ನಲ್ಲಿ ಟೇಮ್ ಮನೆತನ ಚರ್ಚನ್ನು ಹೊಸದಾಗಿ ಕಟ್ಟಿಸಿತು. 16ನೇ ಶತಮಾನದ ಆರಂಭದಲ್ಲಿ ತುಂಬಿಸಿದ ಅಲ್ಲಿನ 28 ಬಣ್ಣಗಾಜಿನ ಕಿಟಕಿಗಳು ಪೂರ್ಣ ಸರಣಿಯಾಗಿ ಉಳಿದಿವೆ. ಇಂಗ್ಲೆಂಡಿನ ಬೇರಾವ ಪ್ಯಾರಿಷ್ ಚರ್ಚಿಗೂ ಈ ಭಾಗ್ಯವಿಲ್ಲ.

ಆದರೆ ದೊಡ್ಡ ವ್ಯಾಪಾರಿಗಳಿಲ್ಲದ ಊರುಗಳೂ ಕಟ್ಟಿದವು. ಕಾರ್ನ್‌ವಾಲಿನ ಬಾಡ್ಮಿನ್ ಜನ 1469ರಿಂದ 1472ರವರೆಗೆ ತಮ್ಮ ಚರ್ಚನ್ನು ಮತ್ತೆ ಕಟ್ಟಿದ ಲೆಕ್ಕಪುಸ್ತಕ ಉಳಿದಿದೆ. ಕೊಟ್ಟವರ ಪಟ್ಟಿಯಲ್ಲಿ ಬಹುಮಟ್ಟಿಗೆ ಇಡೀ ಊರೇ ಇದೆ. ಕಸುಬಿನ ಸಂಘಗಳು ಹಣ ಕೊಟ್ಟವು, ಹಣವಿಲ್ಲದವರು ಸಾಮಗ್ರಿ ಅಥವಾ ದುಡಿಮೆ ಕೊಟ್ಟರು. ಬಿಯರ್ ಕುದಿಸಿ ಮಾರುವ ಚರ್ಚಿನ ಹಬ್ಬಗಳಿಂದಲೂ ಆದಾಯ ಬರುತ್ತಿತ್ತು. ಡೆವನ್‌ನ ಮೋರ್‌ಬಾತ್ ಎಂಬ ಪುಟ್ಟ ಊರಿನಲ್ಲಿ ಸಂತರ ಹೆಸರಿನಲ್ಲಿ ಕುರಿಗಳನ್ನು ಮನೆಮನೆಗೆ ಹಂಚಿ ಸಾಕಿ, ಅವುಗಳ ಉಣ್ಣೆಯಿಂದ ದೀಪದ ಮೇಣಕ್ಕೂ ಮೂರ್ತಿಗಳ ಅಲಂಕಾರಕ್ಕೂ ಹಣ ಕೂಡಿಸುತ್ತಿದ್ದರು. ಲಿಂಕನ್‌ಶೈರಿನ ಲೌತ್ ಊರು 1501ರಿಂದ 1515ರವರೆಗೆ ದುಡಿದು ತನ್ನ ಗೋಪುರದ ಮೇಲೆ ಶಿಖರ ಏರಿಸಿತು. ಒಟ್ಟು ಎತ್ತರ ಸುಮಾರು 90 ಮೀಟರ್, ಮಧ್ಯಯುಗದ ಪ್ಯಾರಿಷ್ ಚರ್ಚುಗಳಲ್ಲಿ ಅತಿ ಎತ್ತರದವುಗಳಲ್ಲೊಂದು.

ಈ ಕಾಲದ ಬಡಗಿಗಳಿಗೆ ಸಲ್ಲಬೇಕಾದ ಮರ್ಯಾದೆ ಶಿಲ್ಪಿಗಳ ಹೊಗಳಿಕೆಯಲ್ಲಿ ಮುಚ್ಚಿಹೋಗುತ್ತದೆ. ಗೋಡೆಯಿಂದ ಚಾಚಿದ ಗಿಡ್ಡ ತೊಲೆಗಳ ಮೇಲೆ ಮತ್ತೆ ಕಂಬ, ಅದರ ಮೇಲೆ ಮತ್ತೊಂದು ಚಾಚುತೊಲೆ ಹೀಗೆ ಹಂತ ಹಂತವಾಗಿ ಒಳಕ್ಕೆ ಬಾಗುವ ಹ್ಯಾಮರ್‌ಬೀಮ್ ಚಾವಣಿ ಅಡ್ಡತೊಲೆಯಿಲ್ಲದೆ ಅಗಲ ಜಾಗವನ್ನು ದಾಟುತ್ತದೆ. ಕೇಂಬ್ರಿಜ್‌ಶೈರಿನ ಮಾರ್ಚ್ ಊರಿನ ಸೇಂಟ್ ವೆಂಡ್ರೆಡಾ ಚರ್ಚಿನಲ್ಲಿ ಆ ತೊಲೆಗಳ ತುದಿಗಳಿಂದ ಸುಮಾರು 120 ಮರದ ದೇವದೂತರು ರೆಕ್ಕೆ ಹರಡಿ ಹಾರಲು ನಿಂತಿದ್ದಾರೆ. ಬಡಗಿಯ ಲೆಕ್ಕ ತಪ್ಪಿದ್ದಕ್ಕೂ ಪ್ರಸಿದ್ಧ ಸಾಕ್ಷಿಯಿದೆ. ಹಸಿ ಮರ, ಭಾರವಾದ ಸೀಸದ ಹೊದಿಕೆ ಸೇರಿ ಚೆಸ್ಟರ್‌ಫೀಲ್ಡಿನ 70 ಮೀಟರ್ ಎತ್ತರದ ಶಿಖರವನ್ನು ತಿರುಚಿ, ತುದಿಯನ್ನು ಸುಮಾರು 2.9 ಮೀಟರ್ ಆಚೆ ತಳ್ಳಿವೆ.

ಬಣ್ಣದ ಒಳಾಂಗಣ

ಇಂದು ಕಾಣುವ ಬೂದು ಕಲ್ಲು, ಸುಣ್ಣದ ಗೋಡೆ ಮಧ್ಯಯುಗದ ಭಕ್ತನಿಗೆ ಅಪರಿಚಿತ. ಗೋಡೆಗೆಲ್ಲ ಗಾರೆ ಬಳಿದು ಚಿತ್ರ ಬರೆದಿದ್ದರು. ಬಾಗಿಲ ಎದುರು ಮಗುವನ್ನು ಹೊತ್ತು ನದಿ ದಾಟುವ ಸಂತ ಕ್ರಿಸ್ಟಫರ್. ಚಾನ್ಸೆಲ್ ಕಮಾನಿನ ಮೇಲೆ ಕೊನೆಯ ತೀರ್ಪಿನ ದಿನ, ಒಂದು ಬದಿಗೆ ಸ್ವರ್ಗಕ್ಕೇರುವವರು, ಇನ್ನೊಂದು ಬದಿಗೆ ನರಕದ ಬಾಯಿಗೆ ಬೀಳುವವರು. ಸರೆಯ ಚಾಲ್ಡನ್‌ನಲ್ಲಿ 1200ರ ಸುಮಾರಿನ ಚಿತ್ರದಲ್ಲಿ ಆತ್ಮಗಳು ಏಣಿ ಹತ್ತುತ್ತಿವೆ. ಚಾನ್ಸೆಲ್ ಕಮಾನಿನ ಕೆಳಗೆ ಅಡ್ಡಲಾಗಿ ಮರದ ಜಾಲಂಧ್ರ, ಅದರ ಮೇಲೆ ಅಟ್ಟ, ಅಟ್ಟದ ಮೇಲೆ ಶಿಲುಬೆಗೇರಿದ ಕ್ರಿಸ್ತ, ಅಕ್ಕಪಕ್ಕ ಮೇರಿ ಮತ್ತು ಜಾನ್. ಇಡೀ ಒಳಾಂಗಣದ ನೋಟ ಸೇರುತ್ತಿದ್ದದ್ದು ಇಲ್ಲಿಗೆ. ನಾರ್ಫಕ್‌ನ ರ‍್ಯಾನ್‌ವರ್ತ್‌ನ ಜಾಲಂಧ್ರದಲ್ಲಿ ಸಂತರ ಚಿತ್ರಗಳು ಬಣ್ಣ ಸಮೇತ ಉಳಿದಿವೆ. ಜನ ಬಹುಕಾಲ ನಿಂತೇ ಪೂಜೆ ಕೇಳಿದರು. ಮುದುಕರಿಗೆ ಗೋಡೆಯ ಬುಡದ ಕಲ್ಲುಜಗಲಿ. ಬೆಂಚುಗಳು ವ್ಯಾಪಕವಾದದ್ದು 15ನೇ ಶತಮಾನದಲ್ಲಿ. ದಕ್ಷಿಣದ ಬಾಗಿಲ ಮಂಟಪವೂ ಬರಿಯ ಮಳೆನೆರಳಾಗಿರಲಿಲ್ಲ. ಮದುವೆಯ ಮಾತುಗಳು ಅಲ್ಲಿಯೇ ನಡೆಯುತ್ತಿದ್ದವು, ಒಪ್ಪಂದಗಳು ಅಲ್ಲಿಯೇ ಕುದುರುತ್ತಿದ್ದವು.

ಅಳಿದದ್ದು, ಉಳಿದದ್ದು

1547ರ ನಂತರ ಆರನೇ ಎಡ್ವರ್ಡನ ಸರ್ಕಾರ ಮೂರ್ತಿಗಳನ್ನು ತೆಗೆಸಿ ಚಿತ್ರಗಳಿಗೆ ಸುಣ್ಣ ಹೊಡೆಸಿತು, ಸತ್ತವರಿಗಾಗಿ ಪ್ರಾರ್ಥಿಸಲೆಂದು ಬಿಟ್ಟಿದ್ದ ದತ್ತಿಗಳನ್ನು ಮುಟ್ಟುಗೋಲು ಹಾಕಿತು. ಕಲ್ಲಿನ ಪೂಜಾಪೀಠಗಳ ಜಾಗಕ್ಕೆ ಮರದ ಮೇಜು ಬಂತು. 1561ರಲ್ಲಿ ಎಲಿಜಬೆತ್ ರಾಣಿಯ ಆಜ್ಞೆ ಅಟ್ಟಗಳನ್ನು ಕೆಡವಿ ಜಾಲಂಧ್ರಗಳನ್ನು ಮಾತ್ರ ಉಳಿಸಿತು; ಗೋಡೆಯೊಳಗಿನ ಮೆಟ್ಟಿಲು ಹತ್ತಿದರೆ ಬರಿಗಾಳಿಗೆ ತೆರೆಯುವ ಬಾಗಿಲು ಹಲವು ಚರ್ಚುಗಳಲ್ಲಿ ಇರುವುದು ಇದರಿಂದ. ಅಂತರ್ಯುದ್ಧದ ಕಾಲದಲ್ಲಿ, 1643-44ರಲ್ಲಿ, ವಿಲಿಯಂ ಡೌಸಿಂಗ್ ಎಂಬವನು ಕೇಂಬ್ರಿಜ್‌ಶೈರ್ ಮತ್ತು ಸಫಕ್‌ನ ಚರ್ಚುಗಳನ್ನು ಸುತ್ತಿ ಗಾಜು, ಫಲಕ, ಮೂರ್ತಿಗಳನ್ನು ಒಡೆಸಿದ, ಒಡೆಸಿದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟ. ಭಕ್ತಿಯಿಂದಲೇ ಮಾಡಿದ ಈ ನಾಶದಷ್ಟು ದೊಡ್ಡ ನಷ್ಟ ಇಂಗ್ಲಿಷ್ ಕಲೆಗೆ ಬೇರೊಂದಿಲ್ಲ.

ಸುಣ್ಣ ಕೆಲವನ್ನು ಕಾಪಾಡಿತು ಕೂಡ. ಸಫಕ್‌ನ ವೆನ್‌ಹ್ಯಾಸ್ಟನ್‌ನಲ್ಲಿ 1892ರಲ್ಲಿ ದುರಸ್ತಿಗೆಂದು ಚಾನ್ಸೆಲ್ ಕಮಾನಿನ ಹಲಗೆಗಳನ್ನು ಕಿತ್ತು ಸ್ಮಶಾನದಲ್ಲಿ ಎಸೆದರು. ರಾತ್ರಿ ಮಳೆ ಬಿತ್ತು, ಸುಣ್ಣ ತೊಳೆದುಹೋಯಿತು, ಹಲಗೆಗಳ ಮೇಲೆ ಕೊನೆಯ ತೀರ್ಪಿನ ಚಿತ್ರ ಮೂಡಿತು. ಅದು ಈಗ ಚರ್ಚಿನೊಳಗೇ ಇದೆ.

19ನೇ ಶತಮಾನದ ಉತ್ಸಾಹಿಗಳು ಇನ್ನೊಂದು ಬಗೆಯ ಹಾನಿ ಮಾಡಿದರು. 1839ರಲ್ಲಿ ಕೇಂಬ್ರಿಜ್‌ನಲ್ಲಿ ಹುಟ್ಟಿದ ಕ್ಯಾಮ್ಡನ್ ಸೊಸೈಟಿಗೆ 14ನೇ ಶತಮಾನದ ಶೈಲಿಯೇ ಆದರ್ಶ. ಅದಕ್ಕೆ ಹೊಂದದ್ದನ್ನು ಕಿತ್ತು ಹೊಸದನ್ನು ಹಳೆಯದರಂತೆ ಕಟ್ಟುವುದು ಚಾಲ್ತಿಗೆ ಬಂತು. ಈ ಚಳವಳಿಯ ನಕ್ಷೆಗಳು ವಸಾಹತುಗಳಿಗೂ ಹೋದವು. ಮುಂಬಯಿಯ ಕೊಲಾಬಾದಲ್ಲಿ 1858ರಲ್ಲಿ ಪ್ರತಿಷ್ಠಾಪನೆಯಾದ ಅಫ್ಘನ್ ಚರ್ಚು ಆ ಆದರ್ಶದ ನೆರಳಿನಲ್ಲೇ ಎದ್ದದ್ದು. ಗೋಡೆಯ ಗಾರೆ ಕೆರೆದು ಕಲ್ಲು ತೋರಿಸುವ ಹುಚ್ಚನ್ನು ವಿರೋಧಿಸಿ ವಿಲಿಯಂ ಮಾರಿಸ್ 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘ ಕಟ್ಟಿದ. ಹೊಸದಾಗಿ ಕಟ್ಟಬೇಡಿ, ಇರುವುದನ್ನು ದುರಸ್ತಿ ಮಾಡಿ ಎಂಬುದು ಅದರ ನಿಲುವು. ಇಂದಿನ ಸಂರಕ್ಷಣಾ ವಿಧಾನಗಳ ಬೇರು ಅಲ್ಲಿದೆ, ಮತ್ತು ಆ ನಿಲುವು ಸರಿಯಾದದ್ದೇ ಆಗಿತ್ತು.

ಪೂಜೆ ನಿಂತುಹೋದ ಚರ್ಚುಗಳನ್ನು 1969ರಲ್ಲಿ ಸ್ಥಾಪನೆಯಾದ, ಈಗ ಚರ್ಚಸ್ ಕನ್ಸರ್ವೇಶನ್ ಟ್ರಸ್ಟ್ ಎಂದು ಹೆಸರಾದ ಸಂಸ್ಥೆ ನೋಡಿಕೊಳ್ಳುತ್ತದೆ. ಅದರ ವಶದಲ್ಲಿ 350ಕ್ಕೂ ಹೆಚ್ಚು ಕಟ್ಟಡಗಳಿವೆ. ಬಳಕೆಯಲ್ಲಿರುವ ಚರ್ಚುಗಳ ಸ್ಥಿತಿ ಬೇರೆ. ಹೋಲಿಕೆಗೆ, ಫ್ರಾನ್ಸಿನಲ್ಲಿ 1905ರ ಕಾನೂನಿನಿಂದಾಗಿ ಹಳೆಯ ಪ್ಯಾರಿಷ್ ಚರ್ಚುಗಳು ಸ್ಥಳೀಯ ಆಡಳಿತದ ಆಸ್ತಿ, ಅವುಗಳ ದುರಸ್ತಿ ಸಾರ್ವಜನಿಕ ಖರ್ಚು. ಇಂಗ್ಲೆಂಡಿನ ಅತ್ಯುನ್ನತ ದರ್ಜೆಯ ಸಂರಕ್ಷಿತ ಕಟ್ಟಡಗಳಲ್ಲಿ ಅರ್ಧಕ್ಕೆ ಸಮೀಪದಷ್ಟು ಚರ್ಚುಗಳೇ ಆಗಿದ್ದರೂ, ಅವುಗಳ ಚಾವಣಿ ಸೋರಿದರೆ ಹಣ ಕೂಡಿಸುವ ಹೊಣೆ ಈಗಲೂ ಮುಖ್ಯವಾಗಿ ಆಯಾ ಊರಿನ ಚರ್ಚು ಸಮಿತಿಯದೇ.